ಹಿಂಡು ಯಾರದ್ದು

ನಮ್ಮ ನುಡಿಯಲ್ಲಿ ಹಸು ಸಾಯುತ್ತದೆ, ನಾಯಿ ಸಾಯುತ್ತದೆ,
ಜೇನು ಮಾತ್ರ ಮನುಷ್ಯರ ಹಾಗೆ ತೀರಿಕೊಳ್ಳುತ್ತದೆ.
ಜಾಲತಾಣಕ್ಕೆ ಯಾವ ಪದ ಎಂದು ಬೊಗೊಮಿರ್ ಕೇಳಿದ.
ಯಾರೂ ನಗಲಿಲ್ಲ.

ಬೋಹಿನ್ಯ್ ಕಣಿವೆ, ಅಗ್ನಿಶಾಮಕ ದಳದ ಹಾಲು,
ಒದ್ದೆ ಪೈಪುಗಳ ವಾಸನೆ. ಜೇನುಗಾರರ ಸಂಘ, ಹದಿನಾಲ್ಕು ಮಂದಿ.
ತಾಣ ನಡೆಸುತ್ತಿದ್ದ ಕಂಪನಿ ಲುಬ್ಲಿಯಾನಾದಲ್ಲಿ ಬಾಗಿಲು ಹಾಕಿತು,
ಬೀಗದ ಕೈ ಅದರ ಜೇಬಿನಲ್ಲೇ ಹೋಯಿತು.
ಹತ್ತೊಂಬತ್ತು ವರ್ಷದ ಲೆಕ್ಕ:
ಲಿಂಡೆನ್ ಯಾವ ವಾರ ಅರಳಿತು, ಯಾವ ಪೆಟ್ಟಿಗೆಗೆ ನುಸಿ ಹತ್ತಿತು,
ಯಾರ ರಾಣಿ ಯಾರ ಮಗಳು.
ಎಲ್ಲ ಒಳಗೇ.

ಕಾರ್ಯದರ್ಶಿ ನಾನು, ಹಲ್ಲಿನ ಡಾಕ್ಟರ ಬಳಿ ಬಿಲ್ಲು ಬರೆಯುವವಳು.
ಕೋಷ್ಟಕ ಮಾಡಿಕೊಂಡು ಬಾ ಅಂದರು, ಮಾಡಿದೆ.
ವರ್ಡ್‌ಪ್ರೆಸ್, ದ್ರುಪಲ್, ಜೂಮ್ಲಾ:
ಮುಖ ಬೇರೆ, ಗೋತ್ರ ಒಂದೇ, ಜಿಪಿಎಲ್.
ಘೋಸ್ಟ್ ಬೇರೆ ಮನೆತನ, ಎಂಐಟಿ.
ವ್ಯಾಗ್‌ಟೇಲ್ ಬಿಎಸ್‌ಡಿ, ಘೋಸ್ಟಿಗೆ ಚಿಕ್ಕಪ್ಪನ ಮಗನ ಹಾಗೆ.
ಬೆಲೆಯ ಸಾಲಿನಲ್ಲಿ ಉದ್ದಕ್ಕೂ ಸೊನ್ನೆ.

ಸೊನ್ನೆ ನೋಡಿದ ಕೂಡಲೇ ಮುದುಕರಿಗೆ ಅನುಮಾನ.
ಹಾಗಾಗಿ ಅವರಿಗೆ ಗೊತ್ತಿದ್ದದ್ದನ್ನೇ ಹೇಳಿದೆ.
ಹಿಂಡು ಹಾರಿತು ಅನ್ನಿ. ಎಂಐಟಿ ಅನ್ನುತ್ತದೆ: ಹಿಡಿದವನದು.
ಸಾಕು, ಮಾರು, ಬೀಗ ಹಾಕಿಕೋ,
ಪೆಟ್ಟಿಗೆಯ ಮೂಲೆಯಲ್ಲಿ ಮೊದಲು ಸಾಕಿದವನ ಹೆಸರು ಕೆರೆಯಬೇಡ, ಅಷ್ಟೆ.
ಜಿಪಿಎಲ್ ಅನ್ನುತ್ತದೆ: ನಿನ್ನ ಅಂಗಳದಲ್ಲಿ ಏನು ಬೇಕೋ ಮಾಡು,
ಯಾರೂ ಇಣುಕುವುದಿಲ್ಲ.
ಆದರೆ ಕೈ ದಾಟಿಸಿದೆಯೋ, ಮುಚ್ಚಳ ತೆರೆದೇ ಕೊಡಬೇಕು,
ನಿನಗಿದ್ದ ಹಕ್ಕು ಅವನಿಗೂ, ಅವನಿಂದ ಪಡೆದವನಿಗೂ.

ತಿಂಕಾರಾ, ನಮ್ಮಲ್ಲಿ ಕಿರಿಯಳು, ಎದ್ದು ನಿಂತಳು:
ಕೊಟ್ಟ ಮೇಲೆ ಕೊಟ್ಟಂತಿರಬೇಕು,
ಬಾಲಕ್ಕೆ ದಾರ ಕಟ್ಟಿ ಕೊಡುವುದು ಎಂಥ ದಾನ?
ಅರ್ಧ ಹಾಲು ತಲೆಯಾಡಿಸಿತು. ನಾನೂ, ಸ್ವಲ್ಪ.

ಆಗ ಯೆರ್ನೆಯ್ ಕೋಟಿನ ಜೇಬಿಗೆ ಕೈ ಹಾಕಿದ.
ಬಡಗಿ, ವರ್ಷಕ್ಕೆ ನಾಲ್ಕು ಮಾತಾಡುವವನು.
ಮೇಜಿನ ಮೇಲೊಂದು ಫ್ರಿಜ್ ಮ್ಯಾಗ್ನೆಟ್ಟು ಇಟ್ಟ:
ಬೇಟೆಗಾರನಿಗೆ ಕ್ಷೌರ ಮಾಡುತ್ತಿರುವ ನರಿ.
ಅವನ ಅಪ್ಪ ಜೇನುಪೆಟ್ಟಿಗೆಯ ಹಲಗೆಗೆ ಬಿಡಿಸಿದ್ದು,
ಕತ್ತಿ ಹಿಡಿದ ಪಂಜದಲ್ಲಿ ಒಂದು ಉಗುರು ಮರೆತಿದ್ದ,
ಇಲ್ಲೂ ಉಗುರಿಲ್ಲ.
ಕೇಳಿದವರಿಗೆಲ್ಲ ಅಪ್ಪ, ಬಿಡಿಸಿಕೊಳ್ಳಿ, ಎಂದಿದ್ದನಂತೆ.
ತಿರುಗಿಸಿ ತೋರಿಸಿದ. ಹಿಂದೆ ಯಾವುದೋ ಕಾರ್ಖಾನೆಯ ಹೆಸರು,
ಕೆಳಗೆ: ಎಲ್ಲ ಹಕ್ಕುಗಳೂ ಕಾಯ್ದಿರಿಸಲಾಗಿದೆ.
ಸರೋವರದ ಅಂಗಡಿಯಲ್ಲಿ ನಾಲ್ಕು ಯೂರೋ ಕೊಟ್ಟು ಕೊಂಡೆ, ಅಂದ.
ಕೂತ.

ಮಾರುವುದನ್ನು ಜಿಪಿಎಲ್ಲೂ ತಡೆಯುವುದಿಲ್ಲ, ಯೆರ್ನೆಯ್,
ಎಂದೆ ನಾನು, ಹೇಳಲೇಬೇಕಿತ್ತು.
ಮುಚ್ಚಿಡುವುದನ್ನು ತಡೆಯುತ್ತದೆ.
ಅಷ್ಟು ಸಾಕು, ಅಂದ. ಆ ವರ್ಷದ ಮಾತು ಮುಗಿಯಿತು.

ಕೊನೆಯ ಸಾಲು ಓದಿದೆ. ಎಲ್ಲ ಪರವಾನಗಿಗಳ ತಳದಲ್ಲೂ ಒಂದೇ ಅರ್ಥದ ಮಾತು,
ಕೆಲವಕ್ಕೆ ಕೂಗಿದ ಹಾಗೆ ದಪ್ಪ ಅಕ್ಷರ:
ಇದ್ದದ್ದು ಇದ್ದ ಹಾಗೆ. ಯಾವ ಖಾತರಿಯೂ ಇಲ್ಲ.
ನಾನು ರಾಣಿ ಮಾರುವಾಗ ಹೇಳುವುದೂ ಇದನ್ನೇ!
ಜ್ದೆಂಕಾ ಕೂಗಿದಳು. ಆಗ ನಕ್ಕರು.

ದ್ರುಪಲ್‌ನಲ್ಲಿ ಅರಮನೆ ಕಟ್ಟಬಹುದು, ನಮಗೆ ಬೇಕಿದ್ದದ್ದು ಕೊಟ್ಟಿಗೆ.
ವರ್ಡ್‌ಪ್ರೆಸ್‌ಗೆ ಒಂಬತ್ತು ಕೈ. ಜೂಮ್ಲಾಕ್ಕೆ ಮೂರು,
ಬೊಗೊಮಿರನ ಸೋದರಳಿಯನಿಗೆ ಅದು ಬರುತ್ತದೆಂದು.
ಘೋಸ್ಟಿಗೆ ತಿಂಕಾರಾ ಒಬ್ಬಳೇ, ಕೈ ಇಳಿಸದೆ.
ಒಬ್ಬರು ನಿದ್ದೆ ಹೋಗಿದ್ದರು.

ರಾತ್ರಿ ಮನೆಯಲ್ಲಿ ಮೊದಲ ಸಾಲು ಟೈಪಿಸಿದೆ:
ಮಾರ್ಚ್ ಇಪ್ಪತ್ತಾರು, ಹಿಮ, ಯಾವ ಹುಳುವೂ ಹೊರಬಂದಿಲ್ಲ.
ಆಮೇಲೆ ಮೆನುವಿನಲ್ಲಿ ಹುಡುಕಿದ್ದು ಬಣ್ಣವನ್ನಲ್ಲ, ಅಕ್ಷರದ ಅಂದವನ್ನಲ್ಲ,
ಎಲ್ಲವನ್ನೂ ಹೊರಗೆ ಒಯ್ಯುವ ಗುಂಡಿಯನ್ನು.
ಒತ್ತಿದೆ. ಕಡತ ಬಂತು. ತೆರೆದು ನೋಡಿದೆ,
ನೂರೆಂಟು ಗುರುತುಗಳ ನಡುವೆ
ನನ್ನ ಹಿಮ, ಹಾಗೇ ಇತ್ತು.